ದೀಪ ಮರಳಿಸದವರ ಸಾಲು

ಹೋಯಿತು, ಇನ್ನೊಂದು ಸಾಲು ಹೋಯಿತು, ಕೆಳಗಿದ್ದವು ಒಂದೊಂದು ಮೆಟ್ಟಿಲು ಮೇಲಕ್ಕೆ ಸರಿದು ಕೂತವು, ಹೋದವನು ಯಾರು, ಹೆಸರು ಓದುವುದರೊಳಗೇ ಹೋಗಿಬಿಟ್ಟ, ಹೋಗಲಿ, ಈ ಪರದೆಯಿಂದ ಹೋದವನು ಬದುಕಿದವನು, ಗಣಿಯೊಳಗಿಂದ ಮೇಲೆ ಬಂದು ಹೆಲ್ಮೆಟ್ಟಿನ ದೀಪ ಬಿಚ್ಚಿ ಪಕ್ಕದ ಕೋಣೆಯ ಗೂಡಿಗೆ ಸಿಕ್ಕಿಸಿದವನು, ಸಿಕ್ಕಿಸಿದ ಕೂಡಲೇ ಯಂತ್ರಕ್ಕೆ ಗೊತ್ತಾಗುತ್ತದೆ, ಇಲ್ಲಿ ನನ್ನ ಮುಂದೆ ಅವನ ಸಾಲು ಅಳಿಯುತ್ತದೆ — ಬೆಳಿಗ್ಗೆ ಸೈರನ್ ಕೂಗಿದಾಗ ನಾನು ಹಾಕಿದ ಫಿಲ್ಟರ್ ಅಂಥದು, ಈ ಪಾಳಿಯವರು, ದೀಪ ತೆಗೆದುಕೊಂಡವರು, ದೀಪ ಮರಳಿಸದವರು, ಲಾಳಿಕೆಯ ಚಿತ್ರ ಒತ್ತಿ ಮೂರು ಕಡೆ ಗುರುತು ಹಾಕಿದರೆ ಊರೆಲ್ಲ ಸೋರಿಹೋಗಿ ಇವರಷ್ಟೇ ಉಳಿಯುತ್ತಾರೆ, ಇಷ್ಟು ವರ್ಷ ಇದೇ ಫಿಲ್ಟರ್ ಹಾಕಿ ನಾನು ಹುಡುಕಿದ್ದು ಯಾರನ್ನು, ಮರೆತು ದೀಪವನ್ನು ತಲೆಯ ಮೇಲೆಯೇ ಮನೆಗೆ ಹೊತ್ತುಕೊಂಡು ಹೋದ ಪೆದ್ದರನ್ನು, ಫೋನ್ ಮಾಡಿ ಬೈಯುತ್ತಿದ್ದೆ, ಏನಪ್ಪಾ ನಿಮ್ಮನೇಲಿ ಕರೆಂಟ್ ಇಲ್ವಾ, ನಮ್ಮ ದೀಪ ಯಾಕಪ್ಪಾ ನಿಂಗೆ, ಅವರು ನಗುತ್ತಿದ್ದರು, ಹೆಂಡ್ತಿ ಮುಖ ಒಂದ್ಸಲ ಸರಿಯಾಗಿ ನೋಡೋಣ ಅಂತ ತಂದೆ ಅಕ್ಕ ಅನ್ನುತ್ತಿದ್ದರು, ಹೆಚ್ಚೆಂದರೆ ಇಬ್ಬರೋ ಮೂವರೋ ಉಳಿಯುತ್ತಿದ್ದ ಫಿಲ್ಟರ್, ಈವತ್ತು ಹಾಕಿದಾಗ ಪರದೆ ತುಂಬಿ ಕೆಳಗೆ ಇನ್ನೂ ಇತ್ತು, ಮೌಸಿನ ಚಕ್ರ ತಿರುಗಿಸಿದಷ್ಟೂ ಹೆಸರು, ಹೆಸರು, ಹೆಸರು, ಈಗ ತಿರುಗಿಸಬೇಕಾಗಿಲ್ಲ, ಉಳಿದವರೆಲ್ಲ ಒಂದೇ ನೋಟಕ್ಕೆ ಸಿಗುತ್ತಾರೆ, ಗೋಡೆಯಾಚೆ ಖಟ್ ಅಂತ ದೀಪ ಗೂಡಿಗೆ ಕೂರುವ ಸದ್ದು, ಕೆಮ್ಮು, ಯಾರೋ ಕ್ಯಾಕರಿಸಿ ಉಗಿದ ಸದ್ದು, ಖಟ್, ಸಾಲು ಹೋಗುತ್ತದೆ, ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ನೆಲ್ಲಿ ಚಹಾ ತಂದಿಟ್ಟಿದ್ದಾಳೆ, ಕೆನೆಗಟ್ಟಿದೆ, ಇವಳು ಅಜ್ಜನ ಕಾಲದಲ್ಲಿ ಇಲ್ಲಿಗೆ ತಂದುಹಾಕಿದ ಜರ್ಮನರ ಪೈಕಿ, ಆದರೂ ಇಷ್ಟು ವರ್ಷ ನನ್ನ ಪಕ್ಕದ ಕುರ್ಚಿಯಲ್ಲಿ ಕೂತು ನಮ್ಮ ಹಾಗೇ ಹಾಲು ಹಾಕಿದ ಚಹಾ ಕುಡಿಯುತ್ತಾಳೆ, ಕುಡಿಯೇ, ಬೆಳಿಗ್ಗೆಯಿಂದ ಹೊಟ್ಟೆಗೇನೂ ಬಿದ್ದಿಲ್ಲ ನಿಂಗೆ ಅನ್ನುತ್ತಾಳೆ, ಕುಡಿದರೆ ಎಲ್ಲಿ ಒಂದು ಸಾಲು ತಪ್ಪಿಹೋಗುತ್ತದೋ ಅನ್ನುವ ಹಾಗೆ ಕೂತಿದ್ದೇನೆ, ಕಣ್ಣು ಮಿಟುಕಿಸಿದರೆ ಯಾರೋ ಸಾಯುತ್ತಾರೆ ಅನ್ನುವ ಹಾಗೆ, ಎಂಥ ಹುಚ್ಚು, ಕಿಟಕಿಯಾಚೆ ಹಿಮ ಕಪ್ಪಗಿದೆ, ಈ ಊರಲ್ಲಿ ಹಿಮ ಬಿದ್ದ ಅರ್ಧ ದಿನಕ್ಕೇ ಕಲ್ಲಿದ್ದಲ ಪುಡಿ ಕೂತು ಕಪ್ಪಾಗುತ್ತದೆ, ಗೇಟಿನ ಹತ್ತಿರ ಹೆಂಗಸರು ನೆರೆದಿದ್ದಾರೆ, ಬಾಯಿಂದ ಹೊಗೆಯ ಹಾಗೆ ಉಸಿರು, ಒಬ್ಬೊಬ್ಬರೇ ನನ್ನ ಕಿಟಕಿಗೆ ಬರುತ್ತಾರೆ, ಯಾರಿಗೂ ಒಂದಕ್ಷರ ಹೇಳಬೇಡ ರೌಶನ್ ಅಂತ ಗೆನ್ನಾದಿ ಪೆತ್ರೊವಿಚ್ ಹೇಳಿ ಹೋಗಿದ್ದಾನೆ, ಗಣಿಯ ದೊಡ್ಡ ಎಂಜಿನಿಯರ್ ಅವನು, ಹೇಳುವುದನ್ನು ತಾನೇ ಹೇಳುತ್ತಾನಂತೆ, ನಾನು ಹೇಳುವುದಿಲ್ಲ, ಸಾಲು ಹೋಗಿದ್ದರೆ ಕಣ್ಣು ಮುಚ್ಚಿ ತೆರೆಯುತ್ತೇನೆ ಅಷ್ಟೇ, ಅದು ಈಗ ಗೇಟಿಗೆಲ್ಲ ಗೊತ್ತಾಗಿದೆ, ಕಣ್ಣು ಮುಚ್ಚಿದ್ಳು ಅಂದರೆ ಬಂದ ಅಂತ, ಮುಚ್ಚದಿದ್ದರೆ ಅವರು ಗಾಜಿನ ಮೇಲೆ ಕೈಯಿಟ್ಟು ನನ್ನ ಕಣ್ಣನ್ನೇ ನೋಡುತ್ತ ನಿಲ್ಲುತ್ತಾರೆ, ನಾನು ಬೇಕೆಂದೇ ಮುಚ್ಚುತ್ತಿಲ್ಲ ಅನ್ನುವ ಹಾಗೆ, ಈಗ ಬಂದವಳು ಬಿಳಿ ತಲೆವಸ್ತ್ರದ ಮುದುಕಿ, ನನ್ನ ಮಗ ತಾಯಿ, ನನ್ನ ಮಗ, ನನ್ನ ಮಗ ಒಳಗವ್ನೆ ಅನ್ನುತ್ತಾಳೆ, ಎಷ್ಟು ಸಲೀಸಾಗಿ ಬಾಯಿಗೆ ಬರುತ್ತವೆ ಅವಳಿಗೆ ಆ ಎರಡು ಮಾತು, ಈ ಹೊತ್ತಿನಲ್ಲಿ ಇವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ನಾನು, ಛೀ.

ಸೈರನ್ ಕೂಗಿದಾಗ ನಾನು ಮೊದಲು ಹಾಕಿದ್ದು ಈ ಫಿಲ್ಟರ್ ಅಲ್ಲ, ಹಾಕಬೇಕಾಗಿದ್ದು ಇದನ್ನೇ, ನಿಯಮ ಹಾಗಿದೆ, ಗೋಡೆಯ ಮೇಲೆ ಅಂಟಿಸಿದ್ದಾರೆ, ಆದರೆ ನೆಲ ನಡುಗಿ ಚಹಾ ಲೋಟ ಮೇಜಿನ ಅಂಚಿಗೆ ಜಾರಿದ ಗಳಿಗೆಯಲ್ಲಿ ನನ್ನ ಬೆರಳು ಸರ್ಚಿನ ಚೌಕಕ್ಕೆ ಹೋಗಿ ಸಾಯಾನ್ ಅಂತ ಒತ್ತಿದವು, ಅವನು ಈವತ್ತು ರಜೆಯಲ್ಲಿದ್ದಾನೆ ಅಂತ ಗೊತ್ತಿದ್ದೂ ಒತ್ತಿದವು, ಒಂದೇ ಸಾಲು ಬಂತು, ಪಾಳಿ ಇಲ್ಲ, ದೀಪ ಗೂಡಿನಲ್ಲಿದೆ, ಚಾರ್ಜ್ ಪೂರ್ತಿ ಆಗಿದೆ, ಹೊಟ್ಟೆ ತಣ್ಣಗಾಯಿತು, ಕೆಳಗೆ ಗಣಿ ಸಿಡಿದು ಜನ ಉರಿಯುತ್ತಿರುವಾಗ ನನ್ನ ಹೊಟ್ಟೆ ತಣ್ಣಗಾಯಿತು, ಆಮೇಲೆಯೇ ಊರಿನವರ ಮಕ್ಕಳನ್ನು ಹುಡುಕಿದ್ದು, ನೆಲ್ಲಿ ಪಕ್ಕದಿಂದ ಬಗ್ಗಿ ನೋಡಿದಳು, ಮೈದುನನಾ ಅಂದಳು, ಹೂಂ ಅಂದೆ, ಸದ್ಯ ಬಚಾವಾದ, ಇನ್ನಾದ್ರೂ ಅವನಿಗೊಂದು ಹೆಣ್ಣು ನೋಡೇ, ಇಂಥ ಅತ್ತಿಗೆ ಇದ್ದು ಏನು ಬಂತು ಅಂದಳು, ನೋಡೋಣ ಅಂದೆ, ಎಷ್ಟೋ ವರ್ಷದಿಂದ ಇವಳ ಜೊತೆ ಊಟ ಹಂಚಿಕೊಂಡು ತಿಂದಿದ್ದೇನೆ, ಇವಳ ಗಂಡ ಬಿಟ್ಟುಹೋದದ್ದು, ಇವಳ ಗರ್ಭಕೋಶ ತೆಗೆದದ್ದು ಎಲ್ಲ ನನಗೆ ಗೊತ್ತು, ಇವಳಿಗೆ ಮಾತ್ರ ಮೈದುನ ಅಂತಲೇ ಹೇಳಿದ್ದೇನೆ, ಸುಳ್ಳೇನಲ್ಲ, ಕಾಗದದಲ್ಲಿ ಹಾಗೇ ಇದೆ.

ನಾನು ಹೆತ್ತದ್ದು ಎಲ್ಲಿದೆ ಕಾಗದದಲ್ಲಿ, ಎಲ್ಲೂ ಇಲ್ಲ, ನನ್ನ ಮೈಯಲ್ಲಿದೆ, ಹೊಟ್ಟೆಯ ಮೇಲಿನ ಹೊಲಿಗೆಯಲ್ಲಿದೆ, ನಮ್ಮಲ್ಲಿ ಚೊಚ್ಚಲ ಮಗು ಅಜ್ಜ ಅಜ್ಜಿಯ ಮಡಿಲಿಗೆ, ನನ್ನ ಅಮ್ಮನ ಮನೆಯಲ್ಲೂ ಹಾಗೇ ನಡೆದಿತ್ತು, ಗೊತ್ತಿದ್ದೇ ಮದುವೆಯಾದವಳು, ಗೊತ್ತಿರುವುದು ಬೇರೆ, ಆಸ್ಪತ್ರೆಯ ಬಾಗಿಲಲ್ಲಿ ಅತ್ತೆ ಕುಲ್ಪಾಶ್ ಕೈ ಚಾಚಿ ನಿಂತದ್ದು ಬೇರೆ, ಕೊಡೇ, ನಿಂಗೇನು, ವಯಸ್ಸಿದೆ, ಇನ್ನೂ ಹೆರ್ತೀಯ, ಇವನು ನನ್ನ ಕೊನೇ ಮಗ ಅಂದರು, ಪ್ರೀತಿಯಿಂದಲೇ ಅಂದರು, ಕೆಟ್ಟವರಲ್ಲ, ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು, ನೋಂದಣಿ ಕಚೇರಿಯಲ್ಲಿ ಪರಿಚಯದವರು ಇದ್ದರು, ತಂದೆ ಓಮಿರ್ಜಾಕ್, ಅಂದರೆ ನನ್ನ ಮಾವ, ತಾಯಿ ಕುಲ್ಪಾಶ್ ಅಂತ ಬರೆಸಿಕೊಂಡು ಬಂದರು, ಆ ವಯಸ್ಸಿಗೆ ಬಸಿರಾದಳೇ ಮುದುಕಿ ಅಂತ ಊರು ತಮಾಷೆ ಮಾಡಿ ಸುಮ್ಮನಾಯಿತು, ನಮ್ಮವರಿಗೆಲ್ಲ ಗೊತ್ತು, ಯಾರೂ ಹೇಳುವುದಿಲ್ಲ, ಹಾಲು ಕುಡಿಸುವಾಗ ಮಾತ್ರ ನನ್ನದು, ಕುಡಿದಾದ ಮೇಲೆ ಅತ್ತೆಯ ಕೋಣೆಗೆ, ಗೋಡೆಯಾಚೆ ಅತ್ತರೆ ನನ್ನ ರವಿಕೆ ಒದ್ದೆಯಾಗುತ್ತಿತ್ತು, ಜುಮಬೆಕ್, ನಿಮ್ಮ ಮಗ ಅಳ್ತಿದಾನೆ ಅಂತ ಗಂಡನನ್ನು ಅಲ್ಲಾಡಿಸಿದರೆ, ಶ್ ತಮ್ಮ ಅನ್ನು, ಅಮ್ಮ ಕೇಳಿಸ್ಕೊಂಡ್ರೆ ನೊಂದ್ಕೋತಾಳೆ ಅಂದು ಮಗ್ಗುಲು ಬದಲಿಸಿದ, ಈಗಲೂ ತಮ್ಮ ಅಂತಲೇ ಅನ್ನುತ್ತಾನೆ, ಅಭ್ಯಾಸವಾಗಿಬಿಟ್ಟಿದೆ ಮಹಾರಾಯನಿಗೆ, ನನಗೆ ಆಗಲಿಲ್ಲ, ಸಾಯಾನ್ ಮಾತು ಕಲಿತ ಮೇಲೆ ಅತ್ತೆಯನ್ನು ಅಮ್ಮ ಅಂದ, ನನ್ನನ್ನು ಅತ್ತಿಗೆ ಅಂದ, ಶಾಲೆಯಿಂದ ಬಂದು ಅತ್ತಿಗೆ ಹಸಿವು ಅಂದ, ಮಿಲಿಟರಿಗೆ ಹೋಗುವಾಗ ಅತ್ತಿಗೆ ಅಮ್ಮನ್ನ ನೋಡ್ಕೊಳ್ಳಿ ಅಂದ, ಮಾರ್ಚ್ ಎಂಟರ ಹೆಂಗಸರ ಹಬ್ಬಕ್ಕೆ ಅತ್ತೆಗೆ ಟುಲಿಪ್ ಹೂ ತಂದರೆ ನನಗೆ ಒಂದು ಚಾಕಲೇಟ್ ಡಬ್ಬಿ, ಅತ್ತಿಗೆಯರಿಗೆ ಕೊಡುವಂಥದು, ಆ ಡಬ್ಬಿಗಳಲ್ಲಿ ಈಗ ಗುಂಡಿ, ಸೂಜಿ, ದಾರ ಇಟ್ಟಿದ್ದೇನೆ.

ಗೊತ್ತಿಲ್ಲವೇ ಅವನಿಗೆ, ಗೊತ್ತು, ಕನ್ನಡಿ ನೋಡಿದರೆ ಸಾಕು, ನನ್ನ ಕಿವಿ, ನನ್ನ ಗದ್ದ, ಹೋದ ವರ್ಷ ಅತ್ತೆ ತೀರಿಕೊಂಡಾಗ ಕೊನೆಯ ಮಗನಾಗಿ ಪದ್ಧತಿಯಂತೆ ಬಾಗಿಲಲ್ಲಿ ಕೋಲು ಊರಿ ನಿಂತು ಅಯ್ಯೋ ನನ್ನಮ್ಮಾ ಅಂತ ಗೋಳಾಡಿದ, ನಾನು ಒಳಗೆ ಸೊಸೆಯಾಗಿ ಚಹಾ ಹಂಚುತ್ತಿದ್ದೆ, ಅವನ ಧ್ವನಿ ಕೇಳಿ ಕೇಳಿ ಒಂದು ಕೆಟ್ಟ ಆಸೆ ಹುಟ್ಟಿತು, ಇನ್ನು ಆ ಜಾಗ ಖಾಲಿಯಾಯಿತಲ್ಲ ಅಂತ, ನಲವತ್ತನೆಯ ದಿನದ ಊಟ ಮುಗಿದ ಮೇಲೆ ಕೆಲಸಕ್ಕೆ ಬಂದವಳು, ನೆಲ್ಲಿ ಊಟಕ್ಕೆ ಹೋಗಿದ್ದಾಗ, ಸಿಬ್ಬಂದಿಯ ಮಾಹಿತಿ ತೆರೆದು ತಾಯಿ ಅನ್ನುವ ಕಾಲಂಗೆ ಫಿಲ್ಟರ್ ಹಾಕಿ ನನ್ನ ಹೆಸರು ಒತ್ತಿದೆ, ಏನು ಸಿಗುತ್ತದೆ ಅಂದುಕೊಂಡಿದ್ದೆನೋ, ಹೊಂದುವ ದಾಖಲೆ ಇಲ್ಲ ಅಂತ ಬಂತು, ಬೂದು ಬಣ್ಣದ ಪರದೆ, ನಡುವೆ ಆ ಮಾತು, ಕುಲ್ಪಾಶ್ ಅಂತ ಒತ್ತಿದೆ, ಬಂದ, ಫೋಟೋ ಸಮೇತ ಬಂದ, ನನ್ನ ಕಿವಿ ಇಟ್ಟುಕೊಂಡು, ಈ ಯಂತ್ರ ಹೊಸದಾಗಿ ಬಂದಾಗ ಕಲಿಸಲು ರಾಜಧಾನಿಯಿಂದ ಬಂದಿದ್ದ ಹುಡುಗಿ ಹೇಳಿದ್ದಳು, ಅಕ್ಕ, ಏನೂ ಸಿಗ್ಲಿಲ್ಲ ಅಂದ್ರೆ ಅದು ಇಲ್ಲ ಅಂತಲ್ಲ, ನೀವು ಹುಡುಕಿದ್ದು ತಪ್ಪು ಅಂತ, ಉಗುರಿಗೆ ಹಸಿರು ಬಣ್ಣ ಹಚ್ಚಿಕೊಂಡಿದ್ದಳು, ಆಹಾ ಏನು ಬುದ್ಧಿವಂತೆ ಅಂತ ನಾನು ನೆಲ್ಲಿ ಆಮೇಲೆ ಆಡಿಕೊಂಡು ನಕ್ಕಿದ್ದೆವು.

ಖಟ್ — ಬಂತು, ಎರಡು ಸಾಲು ಒಟ್ಟಿಗೇ ಹೋದವು, ಬಿಳಿ ತಲೆವಸ್ತ್ರದವಳ ಮಗ ಅದರಲ್ಲೊಬ್ಬ, ಕಿಟಕಿಯತ್ತ ನೋಡಿ ಕಣ್ಣು ಮುಚ್ಚಿ ತೆರೆದೆ, ಮುದುಕಿ ಅಲ್ಲೇ ಕಪ್ಪು ಹಿಮದಲ್ಲಿ ಕುಸಿದು ಕೂತಳು, ಅಕ್ಕಪಕ್ಕದವರು ಎತ್ತಿ ತಬ್ಬಿಕೊಂಡರು, ಒಳ್ಳೆಯದಾಗಲಿ, ಸಾಯಾನನಿಗೆ ಇನ್ನೊಂದು ಸಲ ಫೋನ್ ಮಾಡೋಣ, ಆಫ್ ಆಗಿದೆ, ರಜೆಯ ದಿನ ಅವನು ಆಫ್ ಮಾಡಿಯೇ ಮಲಗುವುದು, ಕರಡಿ ನಿದ್ದೆ, ನಿನ್ನೆ ಸಂಜೆ ತಾನಾಗಿಯೇ ಮಾಡಿದ್ದ, ಅತ್ತಿಗೆ, ನಾಳೆ ರಜೆ, ಸಂಜೆ ಬರ್ತೀನಿ, ಕುದುರೆ ಮಾಂಸ ಉಳಿದಿದ್ರೆ ಬೇಯಿಸಿಡಿ, ಕೊಬ್ಬು ಕತ್ತರಿಸಿ ಬಿಸಾಕ್ಬೇಡಿ ಮತ್ತೆ, ಏನೋ ಊಟಕ್ಕೆ ಮಾತ್ರ ನೆನಪಾಗ್ತೀನಾ ಅಂದೆ, ನಕ್ಕ, ಇಲ್ಲ ಇಲ್ಲ, ಒಂದು ಮಾತೂ ಇದೆ, ಎದುರಿಗೆ ಕೂತು ಹೇಳ್ಬೇಕು ಅಂದ, ಏನು ಮಾತು ಅಂತ ರಾತ್ರಿಯೆಲ್ಲ ಹೊರಳಾಡಿದ್ದೇನೆ, ಹುಡುಗಿಯ ವಿಷಯವಿರಬಹುದು, ಕೆಲಸ ಬಿಡುವ ವಿಷಯವಿರಬಹುದು, ಇನ್ನೊಂದಿರಬಹುದು, ಆ ಇನ್ನೊಂದನ್ನು ನಾನು ನನಗೂ ಹೇಳಿಕೊಳ್ಳುವುದಿಲ್ಲ, ದೃಷ್ಟಿಯಾಗುತ್ತದೆ, ಮಾಂಸ ನೆನೆಸಿಟ್ಟು ಬಂದಿದ್ದೇನೆ, ಗಂಡನಿಗೆ ಫೋನ್ ಮಾಡಿದೆ, ಅವನ ಮನೇ ಹತ್ರ ಹೋಗಿ ಬಾಗಿಲು ತಟ್ಟಿ ಬನ್ನಿ ಅಂತ, ಹೋದ, ಪಾಪ, ಮಂಡಿ ನೋವಿನಲ್ಲೂ ಹೋದ, ಬೀಗ ಹಾಕಿದೆ ಕಣೇ, ಕಾರೂ ಇಲ್ಲ ಕೆಳಗೆ ಅಂದ, ಎಲ್ಲಿ ಹೋದ ಹಾಗಾದ್ರೆ ಅಂದೆ, ಮೀನು ಹಿಡಿಯೋಕೆ ಹೋಗಿರ್ತಾನೆ ಬಿಡು, ಅಣೆಕಟ್ಟಿನ ನೀರು ಇನ್ನೂ ಮಂಜುಗಡ್ಡೆಯಾಗಿ ಗಟ್ಟಿ ಇದೆ, ಅಲ್ಲಿ ಫೋನ್ ಸಿಗಲ್ಲ, ನೀನ್ಯಾಕೆ ಹೀಗಾಡ್ತೀಯ, ಅವನ ದೀಪ ಗೂಡಲ್ಲೇ ಇದೆ ಅಂತ ನೀನೇ ತಾನೇ ಹೇಳಿದ್ದು ಅಂದ, ಹೌದು, ನಾನೇ ಹೇಳಿದ್ದು, ಎದ್ದು ಪಕ್ಕದ ಕೋಣೆಗೆ ಹೋಗಿ ಕಣ್ಣಾರೆ ನೋಡಿಯೂ ಬಂದೆ, ಅವನ ಗೂಡು, ಅವನ ದೀಪ, ಮುಟ್ಟಿದರೆ ಬೆಚ್ಚಗಿತ್ತು, ಚಾರ್ಜ್ ಆದ ಬಿಸಿ, ಕರಿಮುಖದ ಗಂಡಸರು ನನ್ನ ಹಿಂದೆ ಬೆಂಚಿನ ಮೇಲೆ ಕೂತು ನೆಲ ನೋಡುತ್ತಿದ್ದರು, ಒಬ್ಬನ ಹುಬ್ಬು ಸುಟ್ಟಿತ್ತು, ಸಾಯಾನ್ ಮಂಜುಗಡ್ಡೆಯಲ್ಲಿ ತೂತು ಕೊರೆದು ಗಾಳ ಇಳಿಬಿಟ್ಟು ಡಬ್ಬದ ಮೇಲೆ ಕೂತಿರುತ್ತಾನೆ, ಮೂಗು ಕೆಂಪಾಗಿರುತ್ತದೆ, ಹಾಳಾದವನು, ಸಂಜೆ ಬರಲಿ, ಬೈಯುತ್ತೇನೆ, ತಿನ್ನಲು ಕೊಟ್ಟು ಬೈಯುತ್ತೇನೆ.

ಇನ್ನು ಕೆಲವೇ ಸಾಲು, ಎಲ್ಲ ಹೆಸರುಗಳೂ ಬಾಯಿಪಾಠವಾಗಿವೆ, ಪ್ರತಿ ಹೆಸರಿಗೂ ಗಾಜಿನಾಚೆ ಒಂದು ಮುಖವಿದೆ, ಇವನಿಗೆ ಕೆಂಪು ಕೋಟಿನವಳು, ಇವನಿಗೆ ಕೈಗೂಸು ಎತ್ತಿಕೊಂಡವಳು, ಇವನಿಗೆ ಹಲ್ಲಿಲ್ಲದ ಅಪ್ಪ, ಕೊನೆಯ ಸಾಲಿಗೆ ಮಾತ್ರ ಯಾರೂ ಬಂದಿಲ್ಲ, ಅಸ್ಖತ್, ಸಾಯಾನನ ಗೆಳೆಯ, ಒಂದೇ ಬೆಂಚಿನಲ್ಲಿ ಓದಿದವರು, ನನ್ನ ಕೈಯಡುಗೆ ಎಷ್ಟು ತಿಂದಿದ್ದಾನೋ ಲೆಕ್ಕವಿಲ್ಲ, ಮದುವೆಯಾಗಿದೆ, ಅಮ್ಮ ಇದ್ದಾಳೆ, ಅತ್ತೆಮನೆಯವರು ದಂಡಿಯಾಗಿದ್ದಾರೆ, ಒಬ್ಬರೂ ಕೇಳಲು ಬಂದಿಲ್ಲವಲ್ಲ, ಇವರಿಗೇನು ಬಂತು ರೋಗ, ಗಂಡ ಬೇಯುತ್ತಿದ್ದರೆ ಹೆಂಡತಿ ಎಲ್ಲಿ ಸತ್ತಿದ್ದಾಳೆ ಅಂತ ಸಿಟ್ಟು ಬಂತು, ಸಾಯಾನನಿಗೆ ಇದನ್ನು ಹೇಗೆ ಹೇಳುವುದು, ಮೀನಿನ ಚೀಲ ಹೊತ್ತು ಬರುತ್ತಾನೆ, ಅಸ್ಖತ್ ಹೋದ ಕಣೋ ಅಂತ ಹೇಳಬೇಕು ನಾನು, ಗೋಡೆಯಾಚೆ ಸದ್ದಿಲ್ಲ, ಬಾಗಿಲು ತೆರೆಯಿತು, ಗೆನ್ನಾದಿ ಪೆತ್ರೊವಿಚ್, ಒಂದು ಬೆಳಗಿನಲ್ಲಿ ಮುದುಕನಾಗಿದ್ದಾನೆ, ಮೇಜಿಗೆ ಒರಗಿ ನಿಂತ, ಇನ್ನು ಯಾರೂ ಬರೋದಿಲ್ಲ ರೌಶನ್ ಅಂದ, ರಕ್ಷಣಾ ತಂಡದೋರು ಸುರಂಗದ ಕೊನೇವರೆಗೂ ಹೋಗಿ ಬಂದ್ರು, ಉಳಿದೋರೆಲ್ಲ ಅಲ್ಲೇ ಬಿದ್ದಿದಾರೆ, ಯಾರಲ್ಲೂ ಉಸಿರಿಲ್ಲ, ಮುಖ ನೋಡಿ ಗುರುತು ಹಿಡಿಯೋ ಹಾಗಿಲ್ಲ, ದೀಪದ ನಂಬರ್ ಬರ್ಕೊಂಡು ಬಂದಿದಾರೆ, ನಿನ್ನ ಪರದೆ ಮೇಲಿರೋದಕ್ಕೆ ಸರಿಹೊಂದುತ್ತೆ, ಒಂದೂ ಹೆಚ್ಚುಕಮ್ಮಿ ಇಲ್ಲ, ಮನೆ ವಿಳಾಸ, ಹತ್ತಿರದವರ ಹೆಸರು ಸೇರಿಸಿ ಪ್ರಿಂಟ್ ಕೊಡು, ನಾನೇ ಹೋಗಿ ಹೇಳ್ಬೇಕು, ನೆಲ್ಲಿ ಬಾಯಿಗೆ ಶಾಲು ತುರುಕಿಕೊಂಡು ಅತ್ತಳು, ನನಗೆ ಅಳು ಬರಲಿಲ್ಲ, ಸರಿಹೊಂದುತ್ತೆ ಅಂದನಲ್ಲ, ಆ ಮಾತು ಕಿವಿಯಲ್ಲಿ ಉಳಿಯಿತು, ಇಷ್ಟು ವರ್ಷ ದುಡಿದದ್ದು ಸರಿಹೊಂದಿಸಲಿಕ್ಕೇ.

ಪ್ರಿಂಟರ್ ಇನ್ನೂ ಬಿಸಿಯಾಗುತ್ತಿತ್ತು, ಆಗ ಬಾಗಿಲು ದಢಾರ್ ಅಂತ ತೆರೆಯಿತು, ಹಬ್ಬದ ಮಖಮಲ್ಲಿನ ನಿಲುವಂಗಿ ತೊಟ್ಟವನು, ಜರಿಯ ಅಂಚು, ಕಾಲಲ್ಲಿ ಮನೆಯ ಚಪ್ಪಲಿ, ಹಿಮದಲ್ಲಿ ಅದೇ ಚಪ್ಪಲಿಯಲ್ಲಿ ಓಡಿಬಂದಿದ್ದಾನೆ, ಅಸ್ಖತ್, ನಾನು ಪರದೆ ನೋಡಿದೆ, ಅವನ ಸಾಲು ಅಲ್ಲೇ ಇದೆ, ಅವನನ್ನು ನೋಡಿದೆ, ಅವನೂ ಇದ್ದಾನೆ, ನೆಲ್ಲಿ ಅಯ್ಯೋ ದೇವರೇ ಬದುಕಿದ್ದೀಯೇನೋ ಅಂತ ಚೀರಿ ಅವನನ್ನು ಹಿಡಿದುಕೊಂಡಳು, ನನಗೂ ಒಂದು ಕ್ಷಣ ಸಂತೋಷವೇ ಆಯಿತು, ಅದನ್ನು ಯಾರು ನಂಬುತ್ತಾರೆ, ನಿಜವಾಗಿ ಸಂತೋಷವೇ ಆಯಿತು, ಅವನು ನೆಲ್ಲಿಯನ್ನು ಬಿಡಿಸಿಕೊಂಡು ನನ್ನ ಹತ್ತಿರ ಬಂದ, ಬಾಯಿಯಲ್ಲಿ ಇನ್ನೂ ಹಬ್ಬದ ಊಟದ ಎಣ್ಣೆ ಹೊಳೆಯುತ್ತಿತ್ತು, ಅತ್ತಿಗೆ ಅಂದ, ಅತ್ತಿಗೆ, ಸಾಯಾನ್ ಮೇಲೆ ಬಂದ್ನಾ ಅಂದ.

ಅವನು ಮೀನು ಹಿಡಿಯೋಕೆ ಹೋಗಿದಾನೆ ಅಂದೆ, ನಾನು ಹಾಗಂದದ್ದು ನನಗೇ ಕೇಳಿಸಿತು, ಅಸ್ಖತ್ ತಲೆ ಅಲ್ಲಾಡಿಸಿದ, ಈವತ್ತು ನನ್ನ ಮಗನ ಕಾಲಿನ ದಾರ ಕತ್ತರಿಸೋ ಹಬ್ಬ ಅತ್ತಿಗೆ, ಹೆಜ್ಜೆ ಇಡೋಕೆ ಶುರು ಮಾಡಿದ, ಹೆಂಡ್ತಿ ಊರಲ್ಲಿ ಎಲ್ಲಾರೂ ಸೇರಿದ್ರು, ರಜೆ ಕೇಳಿದ್ದೆ, ಕೊಡ್ಲಿಲ್ಲ, ಸಾಯಾನೇ ಅಂದ, ನಿನ್ನ ದೀಪ ತಗೊಂಡು ನಾನಿಳೀತೀನಿ, ನೀನು ಮಗನ ಹತ್ರ ಇರು ಅಂತ, ನನ್ನ ಕಾರ್ಡ್ ತಗೊಂಡ, ಎಲ್ಲಾರೂ ಮಾಡ್ತಾರಲ್ಲ ಅತ್ತಿಗೆ, ಎಲ್ಲಾರೂ ಮಾಡೋದೇ ತಾನೇ, ಬೆಳಿಗ್ಗೆ ಹೆಂಡ್ತಿ ಊರಿಗೆ ಹೋಗೋಕೆ ಅಂತ ಅವನ ಕಾರೇ ಕೊಟ್ಟ, ಹೌದು, ಎಲ್ಲರೂ ಮಾಡುವುದೇ, ಯಂತ್ರ ಬರುವ ಮುಂಚೆ ನೆಲ್ಲಿ ಕಿಟಕಿಯಲ್ಲಿ ಕೂತು ಮುಖ ನೋಡಿ ದೀಪ ಕೊಡುತ್ತಿದ್ದಳು, ಏಯ್ ನೀನು ಅವನಲ್ವಲ್ಲ ಅಂತ ಹಿಡಿಯುತ್ತಿದ್ದಳು, ಈಗ ಕಾರ್ಡ್ ತೋರಿಸಿದರೆ ಗೂಡು ತಾನೇ ತೆರೆಯುತ್ತದೆ, ಗೂಡಿಗೆ ಮುಖ ಗೊತ್ತಿಲ್ಲ, ಮುಂದಿನ ವಾರ ಅವನ ಪಾಳಿ ನಾನು ಮಾಡ್ಬೇಕಿತ್ತು ಅನ್ನುತ್ತಿದ್ದಾನೆ ಅಸ್ಖತ್, ಮಾರ್ಚ್ ಎಂಟಕ್ಕೆ ಅವನಿಗೆ ರಜೆ ಬೇಕಿತ್ತು, ನಿಮ್ಮನ್ನ ಸರೋವರದ ಹತ್ರ ಕರ್ಕೊಂಡು ಹೋಗ್ಬೇಕು ಅಂದ, ಹೂ ಹೇಳಿಟ್ಟಿದೀನಿ ಅಂದ, ಹೂ, ಚಾಕಲೇಟ್ ಅಲ್ಲ, ಹೂ ಅಂದನೇ, ಸರಿಯಾಗಿ ಹೇಳೋ, ಹೂ ಅಂದನೇ ಅಂತ ಅವನ ಕೊರಳಪಟ್ಟಿ ಹಿಡಿದು ಕೇಳಬೇಕು ಅನ್ನಿಸಿತು, ಕೈ ಏಳಲಿಲ್ಲ.

ದಾರ ಕತ್ತರಿಸುವ ಹಬ್ಬ, ಕಪ್ಪು ಬಿಳುಪು ಎರಡೆಳೆ ಹೊಸೆದು ಮಗುವಿನ ಎರಡು ಕಾಲಿಗೂ ಸೇರಿಸಿ ಕಟ್ಟುತ್ತಾರೆ, ಕತ್ತರಿಸಿದರೆ ಎಡವದೆ ನಡೆಯುತ್ತದಂತೆ, ಸಾಯಾನನ ಹಬ್ಬದ ದಿನ ದಾರ ಹೊಸೆದವಳು ನಾನೇ, ಅಂಗಳದಲ್ಲಿ ಬಿಳಿ ಬಟ್ಟೆ ಹಾಸಿದ್ದರು, ಬಿಸಿಲಿತ್ತು, ಒಂದು ತುದಿಯಲ್ಲಿ ಮಗು, ಇನ್ನೊಂದು ತುದಿಯಲ್ಲಿ ಅತ್ತೆ, ಅವರ ಪಕ್ಕ ಒಂದು ಮಾರು ದೂರದಲ್ಲಿ ನಾನು ನೆಲಕ್ಕೆ ಕೂತಿದ್ದೆ, ಅತ್ತೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು, ನೀನು ಕೈ ಚಾಚ್ಬೇಡ ರೌಶನ್, ಹಾಲಿನ ವಾಸನೆಗೆ ನಿನ್ನ ಹತ್ರಾನೇ ಬರುತ್ತೆ ಅದು, ಜನ ನೋಡ್ತಾರೆ, ಆಯ್ತು ಅಂದೆ, ಎಲ್ಲಿ ಚಾಚಿಬಿಡುತ್ತೇನೋ ಅಂತ ನನ್ನ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡೆ, ದಾರ ಕತ್ತರಿಸಿದರು, ಎಲ್ಲರೂ ಕೂಗಿದರು, ಮಗು ಹೊರಟಿತು, ನನ್ನ ಕಡೆಗೇ ಹೊರಟಿತು, ಎರಡೂ ಕೈ ಚಾಚಿ, ಒಂದು ಹೆಜ್ಜೆ, ಇನ್ನೊಂದು, ನನ್ನ ಕೈ ಕಾಣದೆ ನಡುವೆ ನಿಂತಿತು, ಮುಖ ನೋಡಿತು, ಕೈ ಹುಡುಕಿತು, ಆಮೇಲೆ ಅತ್ತೆಯ ಕಡೆ ತಿರುಗಿತು — ಏನು ಮಾಡಿದೀಯೋ ನಾಯಿ ಅಂತ ಗೆನ್ನಾದಿ ಕಿರುಚುತ್ತಿದ್ದಾನೆ, ಅಸ್ಖತನ ಮಖಮಲ್ಲು ಹಿಡಿದುಕೊಂಡು ಅಲ್ಲಾಡಿಸುತ್ತಿದ್ದಾನೆ, ಇನ್ನೊಬ್ಬನ ಕಾರ್ಡಲ್ಲಿ ಇಳಿಯೋದು ಅಂದ್ರೆ ಏನು ಗೊತ್ತೇನೋ, ನಿನ್ನ ಹೆಣ ಅಂತ ಅವನ ಹೆಣಾನ ನಿಮ್ಮಮ್ಮನಿಗೆ ಒಪ್ಪಿಸ್ತಿದ್ದೆನಲ್ಲೋ, ನೀವು ನನ್ನನ್ನ ಹೊಡೀರಿ ಅನ್ನುತ್ತಿದ್ದಾನೆ ಅಸ್ಖತ್, ಹೊಡೀರಿ, ಹೊಡೆದುಬಿಡಿ, ನೆಲ್ಲಿ ನನ್ನ ಭುಜ ಹಿಡಿದಿದ್ದಾಳೆ, ಅಯ್ಯೋ ನಿನ್ನ ಮೈದುನ ಕಣೇ, ಜುಮಬೆಕ್‌ಗೆ ಹೇಗೇ ಹೇಳ್ತೀಯ, ತಮ್ಮನ್ನ ಕಳ್ಕೊಂಡ್ನಲ್ಲೇ ಅವನು ಅನ್ನುತ್ತಿದ್ದಾಳೆ, ಅವನಿಗಾಗಿ ಅಳುತ್ತಿದ್ದಾಳೆ, ನನಗೆ ಸಮಾಧಾನ ಹೇಳುತ್ತಿದ್ದಾಳೆ, ಮಗು ನಡುವೆ ನಿಂತು ಕೈ ಹುಡುಕುತ್ತಿದೆ.

ತಿದ್ದು ರೌಶನ್ ಅಂದ ಗೆನ್ನಾದಿ, ದನಿ ಇಳಿದಿತ್ತು, ಹೆಸರು ತಿದ್ದಿ ಇನ್ನೊಂದು ಪ್ರಿಂಟ್ ತೆಗಿ, ತಿದ್ದುವ ತನಕ ಸಾಯಾನ್ ಕೆಳಗಿಲ್ಲ, ಯಂತ್ರದ ಪ್ರಕಾರ ಅವನ ದೀಪ ಗೂಡಿನಲ್ಲಿದೆ, ಬೆಚ್ಚಗಿದೆ, ಅವನು ಮಂಜುಗಡ್ಡೆಯ ಮೇಲೆ ಕೂತಿದ್ದಾನೆ, ಮೂಗು ಕೆಂಪಾಗಿದೆ, ತಿದ್ದಿದರೆ ಇಳಿಯುತ್ತಾನೆ, ನನ್ನ ಕೈಯಾರೆ ಇಳಿಸುತ್ತೇನೆ, ಬೇಗ, ಗೇಟಲ್ಲಿ ಕಾಯ್ತಿದಾರೆ ಅಂದ ಗೆನ್ನಾದಿ, ಬೆರಳುಗಳು ಒತ್ತಿದವು, ಎಷ್ಟೋ ವರ್ಷ ಒತ್ತಿದ ಬೆರಳುಗಳು ನನ್ನನ್ನು ಕೇಳಲಿಲ್ಲ, ಅಸ್ಖತನ ಹೆಸರು ಅಳಿಯಿತು, ಸಾಯಾನ್ ಅಂತಾಯಿತು, ಮಿಕ್ಕಿದ್ದನ್ನು ಯಂತ್ರ ತಾನೇ ಎಳೆದು ತುಂಬಿಕೊಂಡಿತು, ತಂದೆ ಓಮಿರ್ಜಾಕ್, ತೀರಿಕೊಂಡಿದ್ದಾರೆ, ತಾಯಿ ಕುಲ್ಪಾಶ್, ತೀರಿಕೊಂಡಿದ್ದಾರೆ, ಹೆಂಡತಿ ಇಲ್ಲ, ಮಕ್ಕಳು ಇಲ್ಲ, ಗೆನ್ನಾದಿ ಕನ್ನಡಕ ಸರಿಮಾಡಿಕೊಂಡು ನನ್ನ ಭುಜದ ಮೇಲಿಂದ ಬಗ್ಗಿ ಓದಿದ, ಅವನ ಉಸಿರು ನನ್ನ ಕೆನ್ನೆಗೆ ತಾಗಿತು, ಅಪ್ಪ ಇಲ್ಲ, ಅಮ್ಮ ಇಲ್ಲ ಅಂದ, ಸದ್ಯ, ಇವನೊಬ್ಬನ ತಾಯಿಗಾದ್ರೂ ನಾನು ಮುಖ ತೋರಿಸ್ಬೇಕಾಗಿಲ್ಲ.

ಅಸ್ಖತ್ ತಲೆ ಎತ್ತಿ ನನ್ನನ್ನು ನೋಡಿದ, ಅವನಿಗೆ ಗೊತ್ತು, ನಮ್ಮವರಿಗೆಲ್ಲ ಗೊತ್ತು, ಕಣ್ಣು ತಗ್ಗಿಸಿಬಿಟ್ಟ, ತಾಯಿ ಅನ್ನುವ ಕಾಲಂ ಇಲ್ಲೇ ಇದೆ, ಅದಕ್ಕೆ ಬೀಗವಿಲ್ಲ, ಅಳಿಸಿ ಬರೆಯಬಹುದು, ಎಷ್ಟು ಜನರ ತಾಯಂದಿರ ಹೆಸರು ತಿದ್ದಿಲ್ಲ ನಾನು, ಐದಾರು ಅಕ್ಷರ, ಇಲ್ಲವೇ ಬಾಯಿ ತೆರೆದು ಹೇಳಬಹುದು, ತೋರಿಸಿ ಗೆನ್ನಾದಿ ಪೆತ್ರೊವಿಚ್, ಮುಖ ತೋರಿಸಿ, ಇಲ್ಲೇ ಇದ್ದೀನಿ, ಆ ಬಿಳಿ ತಲೆವಸ್ತ್ರದವಳ ಹಾಗೆ ನೆಲಕ್ಕೆ ಬಿದ್ದು ನನ್ನ ಮಗ ಅನ್ನಬಹುದು, ಒಂದು ಸಲ, ಸತ್ತ ಮೇಲಾದರೂ ಒಂದು ಸಲ, ಯಾರು ತಡೆಯುತ್ತಾರೆ, ಅತ್ತೆ ಮಣ್ಣಿನಲ್ಲಿದ್ದಾರೆ, ಗೆನ್ನಾದಿ ಪ್ರಿಂಟರ್ ಕಡೆ ಹೋಗುತ್ತಿದ್ದಾನೆ, ಕಾಗದ ಬರುತ್ತಿದೆ, ಈಗ ಹೇಳಬೇಕು, ಈಗಲೇ, ಬೆರಳು ಎತ್ತಬೇಕು, ಬೆರಳು ಎಲ್ಲಿ, ಮೇಜಿನ ಮೇಲಿಲ್ಲ, ನೋಡಿದೆ, ಎರಡೂ ಕೈ ತೊಡೆಯ ಕೆಳಗಿವೆ, ಯಾವಾಗ ಹೋದವೋ, ನಾನೇ ಒತ್ತಿ ಕೂತಿದ್ದೇನೆ, ಬಿಸಿಲಿದೆ, ಬಿಳಿ ಬಟ್ಟೆಯ ಮೇಲೆ ಮಗು ಹೊರಟಿದೆ, ಎರಡೂ ಕೈ ಚಾಚಿ ನನ್ನ ಕಡೆಗೇ ಬರುತ್ತಿದೆ, ಕೈ ತೊಡೆಯ ಕೆಳಗಿದೆ, ಬರುತ್ತಿದೆ, ಕೈ ತೊಡೆಯ ಕೆಳಗಿದೆ, ನಡುವೆ ನಿಂತಿದೆ, ಮುಖ ನೋಡುತ್ತಿದೆ, ನನ್ನ ಕೈ ಹುಡುಕುತ್ತಿದೆ, ಹುಡುಕುತ್ತಿದೆ